ಕಡಲಿಗೆ ಬಿದ್ದ ಬಾಟಲಿ ಎಲ್ಲಿಗೆ ಹೋಗುತ್ತದೆ?

ಮಳೆ ಶುರುವಾದ ಮೇಲೆ ಬಂದ ಪತ್ರಗಳಲ್ಲಿ ಕಡಲಿನ ಪ್ಲಾಸ್ಟಿಕ್ ಬಗ್ಗೆಯೇ ಜಾಸ್ತಿ ಪ್ರಶ್ನೆಗಳಿವೆ. ಒಂದೇ ವಿಷಯ ಕೇಳಿದವರನ್ನು ಒಟ್ಟಿಗೆ ಸೇರಿಸಿ, ಈ ಸಲದ ಅಂಕಣವನ್ನು ಪೂರ್ತಿ ಅದಕ್ಕೇ ಕೊಟ್ಟಿದ್ದೇನೆ.

ಪ್ರಶ್ನೆ (ಮಲ್ಪೆಯಿಂದ): ಮೇ ತಿಂಗಳವರೆಗೆ ನಮ್ಮ ದಡ ಒಂದು ಮಟ್ಟಿಗೆ ಚೊಕ್ಕವಾಗಿರುತ್ತದೆ. ಜೂನ್ ಬಂತೆಂದರೆ ಚಪ್ಪಲಿ, ಬಾಟಲಿ, ಬಲೆಯ ತುಂಡು, ಥರ್ಮೊಕೋಲ್ ರಾಶಿ ಬಂದು ಬೀಳುತ್ತದೆ. ಇದು ನಾವು ಎಸೆದದ್ದಲ್ಲ. ಹಾಗಾದರೆ ಎಲ್ಲಿಂದ ಬರುತ್ತದೆ?

ಎರಡು ಕಡೆಯಿಂದ ಬರುತ್ತದೆ. ಮೊದಲನೆಯದು ನಿಮ್ಮ ಬೆನ್ನ ಹಿಂದಿನಿಂದ, ಅಂದರೆ ನೆಲದ ಕಡೆಯಿಂದ. ಬೇಸಿಗೆಯಲ್ಲಿ ತೋಡಿನ ಬದಿ, ಮೋರಿಯ ಬಾಯಿ, ಸೇತುವೆಯ ಬುಡದಲ್ಲಿ ಸಿಕ್ಕಿಕೊಂಡು ಕೂತಿದ್ದ ಕಸವೆಲ್ಲ ಮೊದಲ ನಾಲ್ಕು ದೊಡ್ಡ ಮಳೆಗೆ ಎದ್ದು ಹೊರಡುತ್ತದೆ. ಸ್ವರ್ಣಾ, ಸೀತಾ, ನೇತ್ರಾವತಿ, ಗುರುಪುರ, ಶರಾವತಿ, ಅಘನಾಶಿನಿ, ಕಾಳಿ, ಎಲ್ಲ ಹೊಳೆಗಳದ್ದೂ ಇದೇ ಕಥೆ. ಅಳಿವೆ ದಾಟಿದ ಕಸ ಸೀದಾ ಆಳ ಕಡಲಿಗೆ ಹೋಗುವುದಿಲ್ಲ. ಅಲೆ ಅದನ್ನು ಅಲ್ಲೇ ಆಚೀಚೆಯ ದಡಕ್ಕೆ ವಾಪಸ್ ತಂದು ಹಾಕುತ್ತದೆ.

ಎರಡನೆಯದು ಕಡಲಿನಿಂದಲೇ ಬರುವುದು. ಮಳೆಗಾಲದಲ್ಲಿ ಗಾಳಿ ಪಡುವಣದಿಂದ ಬೀಸುತ್ತದೆ, ಅಲೆಗಳೂ ಆ ಕಡೆಯಿಂದಲೇ ಬರುತ್ತವೆ. ಹೊರಗೆ ತೇಲುತ್ತಿದ್ದದ್ದನ್ನೆಲ್ಲ ಇವು ದಡದ ಕಡೆ ನೂಕುತ್ತವೆ. ಗೋವಾದ ದಡಕ್ಕೆ ಡಾಂಬರಿನ ಉಂಡೆಗಳು ಬಂದು ಬೀಳುವುದೂ ಇದೇ ಹೊತ್ತಿನಲ್ಲಿ, ಇದೇ ಕಾರಣಕ್ಕೆ. ಅಲ್ಲಿನ ದೋನಾ ಪಾವ್ಲಾದಲ್ಲಿರುವ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯವರು ಅದನ್ನು ಬಹಳ ವರ್ಷಗಳಿಂದ ನೋಡುತ್ತಾ ಬಂದಿದ್ದಾರೆ.

ಇನ್ನು ದಿಕ್ಕಿನ ವಿಷಯ. ನಮ್ಮ ಪಶ್ಚಿಮ ಕರಾವಳಿಯ ಉದ್ದಕ್ಕೂ ಹರಿಯುವ ಸೆಳೆತ ವರ್ಷಕ್ಕೆರಡು ಸಲ ತಿರುಗುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನೀರು ತೆಂಕು ದಿಕ್ಕಿಗೆ ಹರಿಯುತ್ತದೆ. ನವೆಂಬರ್‌ನಿಂದ ಫೆಬ್ರವರಿವರೆಗೆ ಬಡಗು ದಿಕ್ಕಿಗೆ. ಇದು ಮೀನು ಹಿಡಿಯುವವರಿಗೆ ಹೊಸ ಸುದ್ದಿಯೇನಲ್ಲ, ಬಲೆ ಬಿಡುವಾಗ ಸೆಳೆತ ಯಾವ ಕಡೆಗಿದೆ ಎಂದು ನೋಡಿಯೇ ಬಿಡುತ್ತಾರೆ. ಹಾಗಾಗಿ ಜೂನ್ ಕಳೆದ ಮೇಲೆ ಮಲ್ಪೆಗೆ ಬೀಳುವ ಕಸದಲ್ಲಿ ಕುಂದಾಪುರ, ಭಟ್ಕಳ, ಹೊನ್ನಾವರದ ಕಡೆಯದ್ದು ಸೇರಿರುವ ಸಾಧ್ಯತೆ ಜಾಸ್ತಿ. ಹಾಗೆಯೇ ಮಲ್ಪೆಯಿಂದ ಹೊರಟದ್ದು ಮಂಗಳೂರು, ಕಾಸರಗೋಡಿನವರ ಪಾಲಾಗುತ್ತದೆ. "ನಾವು ಎಸೆದದ್ದಲ್ಲ" ಎಂದು ನೀವು ಬರೆದದ್ದು ನಿಜವೇ ಇರಬಹುದು. ಆದರೆ ಅದೇ ಮಾತನ್ನು ಕಾಸರಗೋಡಿನವರೂ ಹೇಳುತ್ತಾರೆ, ಅಲ್ವಾ?

ಒಂದು ವಿಷಯ ಗಮನಿಸಿ. ಎಲ್ಲ ಪ್ಲಾಸ್ಟಿಕ್ಕೂ ಒಂದೇ ದಾರಿಯಲ್ಲಿ ಹೋಗುವುದಿಲ್ಲ. ಥರ್ಮೊಕೋಲ್, ಮುಚ್ಚಳ ಹಾಕಿದ ಖಾಲಿ ಬಾಟಲಿ, ಬಲೆಯ ಬೆಂಡು ಇವೆಲ್ಲ ನೀರಿನ ಮೇಲೆ ಎದ್ದು ನಿಲ್ಲುತ್ತವೆ, ಆದ್ದರಿಂದ ಗಾಳಿ ಹೇಳಿದ ಕಡೆ ಹೋಗುತ್ತವೆ. ನೈಲಾನ್ ಬಲೆಯ ಗಂಟು ಹೆಚ್ಚುಕಡಿಮೆ ಪೂರ್ತಿ ಮುಳುಗಿರುತ್ತದೆ, ಹಾಗಾಗಿ ಅದು ನೀರಿನ ಸೆಳೆತದ ಹಿಂದೆ ಹೋಗುತ್ತದೆ. ಒಂದೇ ದೋಣಿಯಿಂದ ಒಂದೇ ದಿನ ಬಿದ್ದ ಬೆಂಡೂ ಬಲೆಯೂ ಬೇರೆ ಬೇರೆ ಊರಿನ ದಡ ಸೇರುವುದು ಇದಕ್ಕೇ. ಜಪಾನಿನಲ್ಲಿ 2011ರ ಮಾರ್ಚ್ 11ರ ಸುನಾಮಿ ಆದಾಗ ಇದು ಎಲ್ಲರಿಗೂ ಕಾಣುವ ಹಾಗೆ ನಡೆಯಿತು. ಗಾಳಿ ಹಿಡಿಯುವ ಬೆಂಡುಗಳು ಆ ಚಳಿಗಾಲದಲ್ಲೇ ಅಮೆರಿಕದ ದಡ ಮುಟ್ಟಿದವು. ಮಿಸಾವಾ ಬಂದರಿನಿಂದ ಕಿತ್ತುಹೋದ ಕಾಂಕ್ರೀಟಿನ ದೊಡ್ಡ ತೇಲುಕಟ್ಟೆ ಒರೆಗಾನ್ ದಡಕ್ಕೆ ಬಂದು ನಿಂತದ್ದು 2012ರ ಜೂನ್‌ನಲ್ಲಿ.

ಪ್ರಶ್ನೆ (ಶಿವಮೊಗ್ಗದಿಂದ): ಯಾವ ಕಸ ಎಲ್ಲಿಗೆ ಹೋಯಿತು ಎಂದು ವಿಜ್ಞಾನಿಗಳಿಗೆ ಹೇಗೆ ಗೊತ್ತಾಗುತ್ತದೆ? ಬಾಟಲಿಗೆ ಜಿಪಿಎಸ್ ಕಟ್ಟಿ ಬಿಡುತ್ತಾರಾ?

ಬಿಟ್ಟಿದ್ದಾರೆ, ಅದೂ ನಮ್ಮ ಗಂಗೆಯಲ್ಲೇ. ಬ್ರಿಟನ್ನಿನ ಎಕ್ಸೆಟರ್ ವಿಶ್ವವಿದ್ಯಾಲಯದ ಎಮಿಲಿ ಡಂಕನ್ ಮತ್ತು ಸಂಗಡಿಗರು ಅರ್ಧ ಲೀಟರ್ ಬಾಟಲಿಗಳೊಳಗೆ ಟ್ರ್ಯಾಕರ್ ಇಟ್ಟು ನದಿಯಲ್ಲೂ ಬಂಗಾಳ ಕೊಲ್ಲಿಯಲ್ಲೂ ಬಿಟ್ಟರು. ಫಲಿತಾಂಶ 2020ರಲ್ಲಿ ಪ್ರಕಟವಾಯಿತು. ಎಲ್ಲಕ್ಕಿಂತ ದೂರ ಹೋದ ಬಾಟಲಿ 94 ದಿನದಲ್ಲಿ 2,845 ಕಿಲೋಮೀಟರ್ ಸಾಗಿತ್ತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಮಾತ್ರ ಆ ಅಂಕಿಯಲ್ಲ, ಬಾಟಲಿಗಳು ಹೋದ ರೀತಿ. ನದಿಯಲ್ಲಿ ಅವು ನಿಂತು ನಿಂತು ಹೋದವು. ದಡಕ್ಕೆ ಸಿಕ್ಕಿಕೊಳ್ಳುತ್ತಿದ್ದವು, ಆಮೇಲೆ ಬಿಡಿಸಿಕೊಂಡು ಮುಂದಿನ ತಿರುವಿನವರೆಗೆ ಹೋಗುತ್ತಿದ್ದವು. ಅಂದರೆ ಕಸ ಕಡಲು ಸೇರುವ ಮೊದಲು ಅದನ್ನು ಹಿಡಿಯಲು ನಮಗೆ ಎಷ್ಟೋ ಅವಕಾಶ ಇರುತ್ತದೆ.

ಆದರೆ ಇಡೀ ಸಾಗರದ ಲೆಕ್ಕಕ್ಕೆ ಹತ್ತಿಪ್ಪತ್ತು ಬಾಟಲಿ ಎಲ್ಲಿ ಸಾಕು? ಅದಕ್ಕೆ ಬೇರೆ ಸಾಧನ ಇದೆ, ಡ್ರಿಫ್ಟರ್ ಅಂತ ಹೆಸರು. ನೀರಿನ ಮೇಲೆ ಒಂದು ಗುಂಡನೆಯ ಬೆಂಡು. ಅದರೊಳಗೆ ಬ್ಯಾಟರಿ, ನೀರಿನ ಉಷ್ಣತೆ ಅಳೆಯುವ ಮಾಪಕ, ಉಪಗ್ರಹಕ್ಕೆ ಸುದ್ದಿ ಕಳಿಸುವ ಯಂತ್ರ. ಕೆಳಗೆ ಉದ್ದನೆಯ ಹಗ್ಗ, ಹಗ್ಗದ ತುದಿಯಲ್ಲಿ ಸುಮಾರು 15 ಮೀಟರ್ ಆಳದಲ್ಲಿ ಬಟ್ಟೆಯ ದೊಡ್ಡ ಕೊಳವೆ, ಅದರ ಮೈತುಂಬ ತೂತು. ಈ ಕೊಳವೆ ನೀರನ್ನು ಹಿಡಿದುಕೊಳ್ಳುವುದರಿಂದ ಬೆಂಡು ಗಾಳಿಗೆ ಜಾರದೆ ಸೆಳೆತದ ಜೊತೆಗೇ ಹೋಗುತ್ತದೆ. ಕೆಲವು ಸಲ ಹಗ್ಗ ಹರಿದು ಕೊಳವೆ ಕಳಚಿ ಹೋಗುತ್ತದೆ. ಹಾಗಾದಾಗಲೂ ಅದು ವ್ಯರ್ಥವಲ್ಲ, ಏಕೆಂದರೆ ಆಗ ಅದು ತೇಲುವ ಕಸ ಹೋಗುವ ಹಾಗೆಯೇ ಹೋಗತೊಡಗುತ್ತದೆ! ಕಡಲು, ಹವಾಮಾನ ನೋಡಿಕೊಳ್ಳುವ ಅಮೆರಿಕದ ಸರಕಾರಿ ಸಂಸ್ಥೆ ನೋವಾ ಬೇರೆ ದೇಶಗಳ ಜೊತೆ ಸೇರಿ ನಡೆಸುವ ಈ ಯೋಜನೆಯಲ್ಲಿ ಜಗತ್ತಿನ ಕಡಲುಗಳಲ್ಲಿ ಯಾವಾಗಲೂ 1,250ರ ಆಸುಪಾಸು ಡ್ರಿಫ್ಟರ್‌ಗಳು ಇರುವಂತೆ ನೋಡಿಕೊಳ್ಳುತ್ತಾರೆ. ಮೊದಲ ಡ್ರಿಫ್ಟರ್‌ಗಳ ದಾಖಲೆ 1979ರಷ್ಟು ಹಿಂದಿನದು.

ಇಷ್ಟು ದಾಖಲೆ ಕೈಯಲ್ಲಿದ್ದರೆ ಲೆಕ್ಕ ಹಾಕಬಹುದು. ಕಡಲನ್ನು ಚೌಕ ಚೌಕವಾಗಿ ಭಾಗ ಮಾಡುತ್ತಾರೆ. ಈ ಚೌಕದಲ್ಲಿದ್ದ ಡ್ರಿಫ್ಟರ್‌ಗಳಲ್ಲಿ ಎಷ್ಟು ಪಾಲು ಎರಡು ತಿಂಗಳಾದ ಮೇಲೆ ಪಕ್ಕದ ಚೌಕಕ್ಕೆ ಹೋದವು, ಎಷ್ಟು ಅಲ್ಲೇ ಉಳಿದವು ಎಂದು ಎಣಿಸುತ್ತಾರೆ. ಅದನ್ನೇ ಮತ್ತೆ ಮತ್ತೆ ಗುಣಿಸುತ್ತಾ ಹೋದರೆ ಹತ್ತು ವರ್ಷ, ಐವತ್ತು ವರ್ಷದ ಚಿತ್ರ ಸಿಗುತ್ತದೆ. ಎರಿಕ್ ವಾನ್ ಸೆಬಿಲ್ ಎಂಬ ಡಚ್ ವಿಜ್ಞಾನಿ 2012ರಲ್ಲಿ ಹೀಗೆ ಲೆಕ್ಕ ಹಾಕಿ, ಸೆಳೆತಗಳು ತೇಲುವ ಕಸವನ್ನು ತಂದು ಕೂಡಿಸುವ, ಮೊದಲೇ ಗೊತ್ತಿದ್ದ ಐದು ಕಸದ ಮಡುಗಳಲ್ಲದೆ ಯುರೋಪಿನ ಬಡಗು ತುದಿಯ ಬ್ಯಾರೆಂಟ್ಸ್ ಸಮುದ್ರದಲ್ಲಿ ಆರನೆಯದೂ ಕೂಡಿಕೊಳ್ಳುತ್ತದೆ ಎಂದರು. ಆಮೇಲೆ ಆ ಕಡೆ ಹೋಗಿ ನೋಡಿದವರಿಗೆ ತೇಲುವ ಪ್ಲಾಸ್ಟಿಕ್ ಸಿಕ್ಕಿತು. ಅಂಕಿಗಳ ಮೇಲಷ್ಟೇ ಇದ್ದ ಮಾತು ನೀರಲ್ಲಿ ನಿಜವಾಗಿದ್ದು ನನಗೆ ಈಗಲೂ ಬೆರಗು.

ಇನ್ನು ಅಪಘಾತಗಳು. ಯಾರೂ ಬೇಕೆಂದು ಮಾಡದ ಪ್ರಯೋಗಗಳು ಅವು. 1992ರ ಜನವರಿಯಲ್ಲಿ ಪೆಸಿಫಿಕ್ ನಡುವೆ ಬಿರುಗಾಳಿಗೆ ಸಿಕ್ಕ ಹಡಗಿನಿಂದ ಕಂಟೇನರ್‌ಗಳು ಬಿದ್ದು, 28,800 ಸ್ನಾನದ ಆಟಿಕೆಗಳು ನೀರಿಗೆ ಸೇರಿದವು. ಹಳದಿ ಬಾತು, ನೀಲಿ ಆಮೆ, ಹಸಿರು ಕಪ್ಪೆ, ಕೆಂಪು ಬೀವರ್. ಹತ್ತು ತಿಂಗಳಾದ ಮೇಲೆ ಅವು ಅಲಾಸ್ಕಾದ ಸಿಟ್ಕಾ ಊರಿನ ದಡಕ್ಕೆ ಬರತೊಡಗಿದವು. ಕರ್ಟಿಸ್ ಎಬ್ಬೆಸ್‌ಮೇಯರ್ ಮತ್ತು ಜೇಮ್ಸ್ ಇಂಗ್ರಹಾಂ ಎಂಬ ಇಬ್ಬರು ಸಮುದ್ರ ವಿಜ್ಞಾನಿಗಳು ದಡದಲ್ಲಿ ಕಸ ಆಯುವವರಿಂದ ಸುದ್ದಿ ತರಿಸಿಕೊಂಡು, ಬಿದ್ದ ಜಾಗ, ಸಿಕ್ಕ ಜಾಗ, ನಡುವಿನ ದಿನಗಳನ್ನು ತಮ್ಮ ಕಂಪ್ಯೂಟರ್ ಲೆಕ್ಕದ ಜೊತೆ ಹೋಲಿಸಿ ನೋಡಿದರು. ಎಲ್ಲಿ ಯಾವತ್ತು ಬಿತ್ತು ಎಂದು ಗೊತ್ತಿರುವ ಕಸ ಸಿಗುವುದೇ ಅಪರೂಪ, ಅದಕ್ಕೇ ಆ ಬಾತುಗಳಿಗೆ ಅಷ್ಟು ಬೆಲೆ.

ಉಪಗ್ರಹದಿಂದ ನೇರ ನೋಡಬಾರದೇ ಎಂದು ಇನ್ನೊಬ್ಬರು ಕೇಳಿದ್ದಾರೆ. ಕಸ ಗಾಳಿಗೆ ಸಾಲುಗಟ್ಟಿ ದಟ್ಟವಾಗಿ ತೇಲುತ್ತಿದ್ದರೆ ಯುರೋಪಿನ ಸೆಂಟಿನೆಲ್-2 ಉಪಗ್ರಹದ ಚಿತ್ರಗಳಲ್ಲಿ ಅದು ಕಾಣುತ್ತದೆ. ಮೆಡಿಟರೇನಿಯನ್‌ನಲ್ಲಿ ಆ ಕೆಲಸ ನಡೆದಿದೆ. ಚದುರಿದ ಚೂರುಗಳು ಮಾತ್ರ ಅಷ್ಟು ಎತ್ತರದಿಂದ ಕಾಣುವುದಿಲ್ಲ.

ಪ್ರಶ್ನೆ (ಮಂಗಳೂರಿನಿಂದ): 2025ರಲ್ಲಿ ಕೊಚ್ಚಿ ಹತ್ತಿರ ಹಡಗು ಮುಳುಗಿದಾಗ ಪ್ಲಾಸ್ಟಿಕ್ ಕಾಳು ನಮ್ಮ ಕಡೆಗೂ ಬರುತ್ತದೆಂದು ಹೆದರಿದ್ದೆವು. ಅದು ತಿರುವನಂತಪುರದ ಕಡೆ ಹೋಯಿತು. ಅದೃಷ್ಟವೇ?

ಅದೃಷ್ಟ ಅಲ್ಲ, ಕಾಲ. ಎಂಎಸ್‌ಸಿ ಎಲ್ಸಾ 3 ಮುಳುಗಿದ್ದು ಮೇ 25ಕ್ಕೆ, ಕೊಚ್ಚಿಯಿಂದ ಸುಮಾರು 38 ನಾಟಿಕಲ್ ಮೈಲಿ ದೂರದಲ್ಲಿ, 640 ಕಂಟೇನರ್‌ಗಳ ಜೊತೆ. ಆ ವರ್ಷ ಮುಂಗಾರು ಬೇಗ ಬಂದು, ಹಿಂದಿನ ದಿನವೇ ಕೇರಳ ಮುಟ್ಟಿತ್ತು. ಗಾಳಿ ದಡದ ಕಡೆ ಬೀಸುತ್ತಿತ್ತು, ಸೆಳೆತ ತೆಂಕಿಗೆ ತಿರುಗಿತ್ತು. ಹಾಗಾಗಿ ಕಂಟೇನರ್‌ಗಳು ಕೊಲ್ಲಂ, ಆಲಪ್ಪುಳದ ದಡಕ್ಕೆ ಬಂದವು. ಕಾಳುಗಳು ಇನ್ನೂ ತೆಂಕಿಗೆ ಹೋಗಿ ತಿರುವನಂತಪುರದ ಮರಳಿನಲ್ಲಿ ಹರಡಿಕೊಂಡವು, ಕನ್ಯಾಕುಮಾರಿಯ ಕಡೆಗೂ ಹೋದವು. ಇದೇ ಹಡಗು ಡಿಸೆಂಬರ್‌ನಲ್ಲಿ ಮುಳುಗಿದ್ದರೆ ಸೆಳೆತ ಬಡಗು ದಿಕ್ಕಿಗೆ ಇರುತ್ತಿತ್ತು, ಆಗ ನಿಮ್ಮ ಹೆದರಿಕೆಗೆ ಪೂರ್ತಿ ಆಧಾರ ಇರುತ್ತಿತ್ತು.

ಈ ಕಾಳನ್ನು ನೋಡದವರಿಗೆ ಹೇಳುತ್ತೇನೆ. ಪ್ಲಾಸ್ಟಿಕ್ ಸಾಮಾನು ಮಾಡುವ ಕಾರ್ಖಾನೆಗಳಿಗೆ ಕಚ್ಚಾ ಮಾಲು ಹೋಗುವುದು ಈ ರೂಪದಲ್ಲಿ, ಇಂಗ್ಲಿಷಿನಲ್ಲಿ ನರ್ಡಲ್ ಅನ್ನುತ್ತಾರೆ. ನೋಡಲು ಸಾಬಕ್ಕಿಯ ಹಾಗೆ, ಬಿಳಿ, ನುಣುಪು, ಬೆಳಕು ಅರ್ಧ ಒಳಗೆ ಹೋಗುತ್ತದೆ. ಒದ್ದೆ ಮರಳಿನ ಜೊತೆ ಬೆರೆತರೆ ಬೇರ್ಪಡಿಸುವುದು ಬಹಳ ಕಷ್ಟ. ಜರಡಿ ಹಿಡಿದು ಕೂತರೂ ಮುಂದಿನ ಭರತದಲ್ಲಿ ಮತ್ತೆ ಬರುತ್ತದೆ. 2021ರ ಮೇ ತಿಂಗಳಲ್ಲಿ ಕೊಲಂಬೊ ಹತ್ತಿರ ಎಕ್ಸ್‌ಪ್ರೆಸ್ ಪರ್ಲ್ ಹಡಗಿಗೆ ಬೆಂಕಿ ಬಿದ್ದಾಗ ಸುಮಾರು 1,680 ಟನ್ ಕಾಳು ಕಡಲು ಸೇರಿತ್ತು. ಅಲ್ಲಿ ಸುಟ್ಟು ಕರಕಲಾದ ಚೂರುಗಳೂ ಅದರ ಜೊತೆ ಬೆರೆತಿದ್ದವು.

ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಕೇಂದ್ರ ಸರಕಾರದ ಸಂಸ್ಥೆ ಇದೆ. ಮೀನುಗಾರರಿಗೆ ಅಲೆಯ ಎಚ್ಚರಿಕೆ ಕೊಡುವುದು ಅದೇ. ಕಡಲಲ್ಲಿ ಕಳೆದುಹೋದ ದೋಣಿ, ಜನರನ್ನು ಹುಡುಕಲು ಅವರು ಮಾಡಿದ ಸರಾಟ್ ಎಂಬ ಸಾಧನವನ್ನೇ ಎಲ್ಸಾದ ಕಂಟೇನರ್‌ಗಳು ಎಲ್ಲಿಗೆ ಹೋಗಬಹುದು ಎಂದು ನೋಡಲೂ ಬಳಸಿದರು. ಇಂಥ ಮುನ್ಸೂಚನೆ ಪಂಚಾಯಿತಿಯವರೆಗೆ ಆ ದಿನವೇ ತಲುಪಬೇಕು, ಜನ ಮತ್ತು ಜರಡಿ ಮೊದಲೇ ದಡದಲ್ಲಿ ಸಿದ್ಧವಿರಬೇಕು. ಕಾಳು ಮರಳಿಗೆ ಇಳಿದ ಮೇಲೆ ಓಡಿ ಬಂದರೆ ಏನು ಪ್ರಯೋಜನ?

ಪ್ರಶ್ನೆ (ದಾವಣಗೆರೆಯ ವಿದ್ಯಾರ್ಥಿನಿ): ಪೆಸಿಫಿಕ್‌ನಲ್ಲಿ ಪ್ಲಾಸ್ಟಿಕ್ ದ್ವೀಪ ಇದೆ, ಅದರ ಮೇಲೆ ನಡೆಯಬಹುದು ಅನ್ನುತ್ತಾರೆ. ನಿಜವೇ?

ನಿಜವಲ್ಲ. ಅದು ದ್ವೀಪವಲ್ಲ, ಚೂರುಗಳು ಹರಡಿಕೊಂಡ ನೀರು. ಹವಾಯಿ ಮತ್ತು ಕ್ಯಾಲಿಫೋರ್ನಿಯಾದ ನಡುವೆ ಅದರ ವಿಸ್ತಾರ ಸುಮಾರು 16 ಲಕ್ಷ ಚದರ ಕಿಲೋಮೀಟರ್, ಅಂದರೆ ಎಂಟು ಕರ್ನಾಟಕಕ್ಕಿಂತ ಜಾಸ್ತಿ. 2018ರ ಒಂದು ಅಧ್ಯಯನದ ಪ್ರಕಾರ ಅಲ್ಲಿ ತೇಲುತ್ತಿರುವುದು ಕಡಿಮೆಯೆಂದರೂ 79,000 ಟನ್. ನೀನೇ ಭಾಗಿಸಿ ನೋಡು. ಒಂದು ಚದರ ಕಿಲೋಮೀಟರಿಗೆ 50 ಕಿಲೋ ಬರುತ್ತದೆ. ದೋಣಿಯಲ್ಲಿ ನಿಂತರೆ ಬರೀ ನೀಲಿ ನೀರು, ಆಗೊಮ್ಮೆ ಈಗೊಮ್ಮೆ ಒಂದು ಡಬ್ಬ, ಒಂದು ಬಲೆಯ ಗಂಟು. ತೂಕದಲ್ಲಿ ಅರ್ಧದ ಹತ್ತಿರ ಮೀನುಬಲೆಗಳೇ. ಎಣಿಕೆಯಲ್ಲಿ ಹೆಚ್ಚಿನವು ಉಗುರಿಗಿಂತ ಸಣ್ಣ ಚೂರು.

ಅಲ್ಲೇ ಏಕೆ ಸೇರುತ್ತದೆ? ಭೂಮಿ ತಿರುಗುವುದರಿಂದ, ಗಾಳಿ ನೂಕಿದ ನೀರು ಗಾಳಿಯ ನೇರಕ್ಕೆ ಹೋಗುವುದಿಲ್ಲ. ನಮ್ಮ ಉತ್ತರಾರ್ಧದಲ್ಲಿ ಬಲಕ್ಕೆ ವಾಲುತ್ತದೆ. ನಾರ್ವೆಯ ನಾನ್ಸೆನ್ 1890ರ ದಶಕದಲ್ಲಿ ಆರ್ಕ್‌ಟಿಕ್ ಮಂಜುಗಡ್ಡೆ ಗಾಳಿಯ ಬಲಕ್ಕೆ ಸರಿಯುವುದನ್ನು ಕಂಡರು, ಸ್ವೀಡನ್ನಿನ ಎಕ್‌ಮನ್ ಅದಕ್ಕೆ ಲೆಕ್ಕ ಕೊಟ್ಟರು. ಉತ್ತರ ಪೆಸಿಫಿಕ್‌ನಲ್ಲಿ ತೆಂಕು ಬದಿಯ ಗಾಳಿ ಪಡುವಣಕ್ಕೆ, ಬಡಗು ಬದಿಯ ಗಾಳಿ ಮೂಡಣಕ್ಕೆ ಬೀಸುತ್ತದೆ. ಎರಡರಿಂದಲೂ ಬಲಕ್ಕೆ ವಾಲಿದ ನೀರು ನಡುವಿಗೆ ಬಂದು ಕೂಡುತ್ತದೆ. ಕೂಡಿದ ನೀರು ನಿಧಾನವಾಗಿ ಕೆಳಗಿಳಿಯುತ್ತದೆ, ತೇಲುವ ಪ್ಲಾಸ್ಟಿಕ್ ಮಾತ್ರ ಮೇಲೆ ಉಳಿದುಬಿಡುತ್ತದೆ.

ಪ್ರಶ್ನೆ (ಬೆಂಗಳೂರಿನ ಕೆಂಗೇರಿಯಿಂದ): ನಮಗೂ ಕಡಲಿಗೂ ಮುನ್ನೂರು ಕಿಲೋಮೀಟರ್ ಮೇಲಿದೆ. ಇಲ್ಲಿನ ಕಸ ನಿಜವಾಗಿ ಕಡಲು ಸೇರುತ್ತದೆಯೇ? ಸೇರಿದರೆ ಪೆಸಿಫಿಕ್‌ವರೆಗೆ ಹೋಗುತ್ತದೆಯೇ?

ದಾರಿ ಇದೆ. ಕೆಂಗೇರಿ ಕಡೆಯ ನೀರು ವೃಷಭಾವತಿಗೆ, ಅಲ್ಲಿಂದ ಅರ್ಕಾವತಿಗೆ, ಸಂಗಮದಲ್ಲಿ ಕಾವೇರಿಗೆ. ಬೆಳ್ಳಂದೂರು, ವರ್ತೂರು ಕಡೆಯದ್ದು ದಕ್ಷಿಣ ಪಿನಾಕಿನಿಗೆ. ಎರಡೂ ಬಂಗಾಳ ಕೊಲ್ಲಿಗೇ ಹೋಗುತ್ತವೆ. ನಡುವೆ ಬೈರಮಂಗಲ ಕೆರೆ, ಮೆಟ್ಟೂರು, ಕೃಷ್ಣಗಿರಿ ಅಣೆಕಟ್ಟುಗಳಿವೆ. ತುಂಬಾ ಕಸ ಅಲ್ಲೆಲ್ಲ ಹೂಳಿನಲ್ಲಿ ಕೂರುತ್ತದೆ. ಕಡಲು ಸೇರಲಿಲ್ಲ ಎಂದು ಇದಕ್ಕೆ ಖುಷಿಪಡುವ ಹಾಗಿಲ್ಲ, ಕೆಳಗಿನ ಊರಿನವರು ಅದೇ ನೀರಿನಲ್ಲಿ ರಾಗಿ, ತರಕಾರಿ ಬೆಳೆಯುತ್ತಾರೆ.

ಪೆಸಿಫಿಕ್‌ಗೆ ಹೋಗುವುದು ಬಹುಮಟ್ಟಿಗೆ ಇಲ್ಲ. 2021ರ ಒಂದು ಕಂಪ್ಯೂಟರ್ ಲೆಕ್ಕದ ಪ್ರಕಾರ, ತೇಲುವ ಜಾತಿಯ ಪ್ಲಾಸ್ಟಿಕ್‌ನಲ್ಲಿ ಕಡಿಮೆಯೆಂದರೂ ನೂರಕ್ಕೆ 77 ಪಾಲು ಒಂದೋ ದಡದ ಮೇಲಿರುತ್ತದೆ, ಇಲ್ಲವೇ ದಡದಿಂದ 10 ಕಿಲೋಮೀಟರ್ ಒಳಗೇ ಇರುತ್ತದೆ. ಇದು ಜನರಿಗೆ ಗೊತ್ತಾಗಬೇಕಾದ ಮಾತು. ಕಸ ಎಲ್ಲೋ ದೂರದ ಸಾಗರಕ್ಕೆ ಹೋಗಿ ಕಣ್ಮರೆಯಾಗುತ್ತದೆ ಅಂದುಕೊಂಡಿದ್ದೇವೆ. ಲೆಕ್ಕ ಹಾಕಿದಷ್ಟೂ ಅದು ಹತ್ತಿರದಲ್ಲೇ ಸಿಗುತ್ತಿದೆ.

ಉತ್ತರ ಹಿಂದೂ ಮಹಾಸಾಗರದಲ್ಲಿ ಪೆಸಿಫಿಕ್‌ನಂಥ ಕಾಯಂ ಮಡುವೂ ಇಲ್ಲ, ಮುಂಗಾರು ಹಿಂಗಾರು ಸೆಳೆತವನ್ನು ತಿರುಗಿಸುತ್ತಲೇ ಇರುತ್ತವೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ, ತಮಿಳುನಾಡಿಗೆ ಮಳೆ ಬಂದು ಹೊಳೆಗಳು ತುಂಬುವಾಗ, ಅಲ್ಲಿನ ಕರಾವಳಿ ಸೆಳೆತ ತೆಂಕಿಗೆ, ಶ್ರೀಲಂಕಾದ ಕಡೆಗೆ ಹರಿಯುತ್ತದೆ. ಚಳಿಗಾಲದಲ್ಲಿ ಉಪ್ಪು ಕಡಿಮೆ ಇರುವ ಬಂಗಾಳ ಕೊಲ್ಲಿಯ ನೀರು ಶ್ರೀಲಂಕಾ ಸುತ್ತಿ ನಮ್ಮ ಪಶ್ಚಿಮ ಕರಾವಳಿಯವರೆಗೆ ಬರುತ್ತದೆ. ಅಂದರೆ ಕೆಂಗೇರಿಯಿಂದ ಹೊರಟ ಹಾಲಿನ ಪ್ಯಾಕೆಟ್ಟಿಗೆ ಮಂಗಳೂರಿನವರೆಗೂ ನೀರಿನ ದಾರಿ ಇದ್ದೇ ಇದೆ.

ಪ್ರಶ್ನೆ (ಆಸ್ಟ್ರೇಲಿಯಾದ ಪರ್ತ್‌ನಿಂದ): ಎಂಎಚ್370 ವಿಮಾನ ಹುಡುಕುವಾಗ ಇಲ್ಲಿ ತೇಲುವ ವಸ್ತುಗಳ ಲೆಕ್ಕದ ಸುದ್ದಿ ತುಂಬಾ ಬಂತು. ಅದೂ ಇದೇ ವಿಜ್ಞಾನವೇ?

ಹೌದು, ಅದೇ. ವಿಮಾನ ಕಾಣೆಯಾದದ್ದು 2014ರ ಮಾರ್ಚ್ 8ಕ್ಕೆ. ರೆಕ್ಕೆಯ ಒಂದು ತುಂಡು ಸಿಕ್ಕಿದ್ದು 2015ರ ಜುಲೈನಲ್ಲಿ, ಹಿಂದೂ ಮಹಾಸಾಗರದ ಆಚೆ ಬದಿಯ ರೀಯೂನಿಯನ್ ದ್ವೀಪದಲ್ಲಿ. ಆಸ್ಟ್ರೇಲಿಯಾದ ಸಿಎಸ್‌ಐಆರ್‌ಒ ಎಂಬ ಸರಕಾರಿ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು ಅಂಥದೇ ತುಂಡನ್ನು ನೀರಿಗೆ ಬಿಟ್ಟು, ಅದು ಗಾಳಿಗೆ ಎಷ್ಟು ಜಾರುತ್ತದೆ ಎಂದು ಅಳೆದರು. ಆಮೇಲೆ ಸೆಳೆತವನ್ನು ಹಿಂದಕ್ಕೆ ಓಡಿಸಿ ಹುಡುಕುವ ಜಾಗವನ್ನು ಕಿರಿದು ಮಾಡಲು ನೋಡಿದರು. ನಿಮ್ಮೂರಿನ ಬಡಗು ಬದಿಯ ವೆಜ್ ಐಲೆಂಡ್ ಹತ್ತಿರ 2018ರಲ್ಲಿ ಒಂದು ಹಳೆಯ ಬಾಟಲಿ ಸಿಕ್ಕಿತ್ತು, ನೆನಪಿದೆಯೇ? ಜರ್ಮನ್ ಹಡಗು ಪೌಲಾದಿಂದ 1886ರ ಜೂನ್ 12ರಂದು ಸೆಳೆತ ತಿಳಿಯಲೆಂದೇ ಎಸೆದ ಬಾಟಲಿ ಅದು. ಒಳಗಿನ ಚೀಟಿಯಲ್ಲಿ ದಿನಾಂಕ, ಹಡಗಿದ್ದ ಜಾಗ ಬರೆದಿತ್ತು.

ಪ್ರಶ್ನೆ (ಕುಮಟಾದ ಶಾಲಾ ಶಿಕ್ಷಕಿ): ಮಕ್ಕಳಿಂದ ಇಂಥ ಒಂದು ಪ್ರಯೋಗ ಮಾಡಿಸಬೇಕೆಂದಿದೆ. ಬಾಟಲಿಯಲ್ಲಿ ಚೀಟಿ ಹಾಕಿ ಬಿಡಬಹುದೇ?

ಬಾಟಲಿ ಬೇಡ ಟೀಚರ್, ಕಡಲಿಗೆ ಇನ್ನೊಂದು ಕಸ ಸೇರಿಸಿದ ಹಾಗಾಗುತ್ತದೆ. ಜರ್ಮನಿಯ ಓಲ್ಡೆನ್‌ಬುರ್ಗ್ ವಿಶ್ವವಿದ್ಯಾಲಯದವರು ಉತ್ತರ ಸಮುದ್ರದಲ್ಲಿ ಸಾವಿರಾರು ಮರದ ತುಂಡುಗಳನ್ನು ಬಿಟ್ಟು, ಸಿಕ್ಕವರು ತಿಳಿಸಿ ಎಂದು ಅದರ ಮೇಲೆ ಬರೆದಿದ್ದರು. ಬಣ್ಣ ಹಚ್ಚದ ಮರವಾದರೆ ನೀವೂ ಮಾಡಬಹುದು, ಶಾಲೆಯ ಹೆಸರು, ಸಂಖ್ಯೆ, ದಿನಾಂಕ ಸುಟ್ಟು ಬರೆಯಿರಿ. ಮೊದಲು ಮೀನುಗಾರರ ಸಂಘಕ್ಕೆ ತಿಳಿಸಿ, ಬಿಡುವ ಕೆಲಸವನ್ನು ಅವರ ದೋಣಿಯಿಂದ ದೊಡ್ಡವರೇ ಮಾಡಲಿ.

ಆದರೆ ನನ್ನನ್ನು ಕೇಳಿದರೆ, ಬಿಡುವುದಕ್ಕಿಂತ ಬಂದದ್ದನ್ನು ಓದುವುದು ಹೆಚ್ಚು ಉಪಯೋಗ. ದಡದಲ್ಲಿ ನೂರು ಮೀಟರ್ ಗುರುತು ಹಾಕಿ. ಪ್ರತಿ ತಿಂಗಳು ಅದೇ ಜಾಗ, ಇಳಿತದ ಹೊತ್ತು. ಬಿದ್ದದ್ದನ್ನೆಲ್ಲ ಎತ್ತಿ, ಎಣಿಸಿ, ಗಾಳಿಯ ದಿಕ್ಕು ಬರೆದಿಡಿ. ಗಾಜು, ಸೂಜಿ, ಮೊಹರು ಹಾಕಿದ ಡಬ್ಬಗಳನ್ನು ಮಕ್ಕಳು ಮುಟ್ಟುವುದು ಬೇಡ.

ಆಮೇಲೆ ಒಂದೊಂದೇ ಬಾಟಲಿ ಕೈಗೆ ತೆಗೆದುಕೊಂಡು ನೋಡಲಿ. ಕತ್ತಿನ ಹತ್ತಿರ ತಯಾರಾದ ತಿಂಗಳು, ವರ್ಷ ಇರುತ್ತದೆ. ಬಾರ್‌ಕೋಡ್ 890ರಿಂದ ಶುರುವಾದರೆ ಭಾರತದಲ್ಲಿ ನೋಂದಾಯಿಸಿದ ಕಂಪನಿಯದ್ದು. ವಿದೇಶದ ಲೇಬಲ್ ಕಂಡ ತಕ್ಷಣ ಅಲ್ಲಿಂದ ತೇಲಿ ಬಂತು ಎಂದು ತೀರ್ಮಾನಿಸಬೇಡಿ. ದಕ್ಷಿಣ ಅಟ್ಲಾಂಟಿಕ್‌ನ ಇನ್‌ಆ್ಯಕ್ಸೆಸಿಬಲ್ ಎಂಬ ದ್ವೀಪದಲ್ಲಿ ಸಿಕ್ಕ ಬಾಟಲಿಗಳಲ್ಲಿ ಹೆಚ್ಚಿನವು ಏಷ್ಯಾದವು, ಅದರಲ್ಲೂ ಚೀನಾದವು. ಆದರೆ ಅವುಗಳ ತಾರೀಕು ತೀರಾ ಇತ್ತೀಚಿನದು, ಅಷ್ಟು ದೂರ ತೇಲಿ ಬರಲು ಸಮಯವೇ ಇರಲಿಲ್ಲ. ಹಡಗುಗಳಿಂದ ಎಸೆದದ್ದು ಎಂದು 2019ರಲ್ಲಿ ಸಂಶೋಧಕರು ಬರೆದರು. ಹಡಗಿನಿಂದ ಪ್ಲಾಸ್ಟಿಕ್ ಎಸೆಯುವುದಕ್ಕೆ 1988ರ ಕೊನೆಯಿಂದಲೇ ಅಂತರರಾಷ್ಟ್ರೀಯ ನಿಷೇಧ ಇದೆ.

ಮೈಯನ್ನೂ ನೋಡಿ. ಮೆತ್ತನೆಯ ಕಾಂಡದ ತುದಿಯಲ್ಲಿ ಬಿಳಿ ಚಿಪ್ಪು ಇರುವ ಗೂಸ್ ಬಾರ್ನಕಲ್‌ಗಳು ಗೊಂಚಲಾಗಿ ಅಂಟಿದ್ದರೆ, ಆ ವಸ್ತು ಹೊರಗಡಲಲ್ಲಿ ವಾರಗಟ್ಟಲೆ ತೇಲಿದೆ ಎಂದರ್ಥ. ಚಿಪ್ಪು ದೊಡ್ಡದಾದಷ್ಟೂ ದಿನ ಜಾಸ್ತಿ. ಏನೂ ಅಂಟದೆ ನುಣ್ಣಗಿದ್ದು, ಲೇಬಲ್ ಇನ್ನೂ ಗಟ್ಟಿಯಾಗಿದ್ದರೆ ಅದು ಹತ್ತಿರದ ಹೊಳೆಯಿಂದಲೇ ಬಂದಿರಬೇಕು. ಜೂನ್‌ನ ರಾಶಿಯನ್ನೂ ಜನವರಿಯ ರಾಶಿಯನ್ನೂ ಹೀಗೆ ಎರಡು ಗುಂಪು ಮಾಡಿ, ಎಣಿಕೆ ನಮಗೂ ಕಳಿಸಿ. ಬೇರೆ ಕರಾವಳಿ ಶಾಲೆಗಳೂ ಮುಂದೆ ಬಂದರೆ ಕಾರವಾರದಿಂದ ಉಳ್ಳಾಲದವರೆಗಿನ ಅಂಕಿಗಳನ್ನು ಒಂದೇ ಪುಟದಲ್ಲಿ ಅಕ್ಕಪಕ್ಕ ಇಟ್ಟು ಪ್ರಕಟಿಸುತ್ತೇವೆ.